ಡೆಸ್ಸಣ್ಣನ ಮಾತು ಹೊತ್ತು ಓಡಿದವನು

ಗುಫೂಲ್

ಬಹ್ರೈನಿಗೆ ಬಂದ ಮೊದಲ ಸಂಜೆಯೇ ನಾನು ಮೂರು ಲೋಟ ಚಹಾ ಕುಡಿದೆ. ಒಂದೂ ನನಗೆ ಬೇಕಿರಲಿಲ್ಲ.

ಗುಫೂಲಿನಲ್ಲಿ ಅಕ್ಕನ ಫ್ಲ್ಯಾಟಿನ ಕೆಳಗೆ ಒಂದು ಕೋಲ್ಡ್ ಸ್ಟೋರ್ ಇದೆ. ಹೆಸರು ಕೇಳಿ ಐಸ್ ಮಾರುತ್ತಾರೆ ಎಂದುಕೊಳ್ಳಬೇಡಿ. ನಮ್ಮ ಜಿನಸಿನ ಅಂಗಡಿಗೆ ಇಲ್ಲಿ ಹಾಗೆನ್ನುತ್ತಾರೆ, ಗಲ್ಲಿಗೊಂದು ಇರುತ್ತದೆ. ಭಾವ ಅದರ ಮುಂದೆ ಕಾರು ನಿಲ್ಲಿಸಿ, ನನ್ನ ಪೆಟ್ಟಿಗೆ ಹೊತ್ತುಕೊಂಡು ಮೇಲೆ ಹೋದರು. ನಾನು ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಎಡಗಡೆಯ ಡ್ರೈವರ್ ಸೀಟಿಗೆ ಜಾರಿ, ಒಂದು ಕೈ ಸ್ಟೀರಿಂಗ್ ಮೇಲಿಟ್ಟು, ಊರಿನ ಗೆಳೆಯರಿಗೆ ಕಳಿಸಲು ಸೆಲ್ಫಿ ತೆಗೆಯಹೊರಟೆ. ಮೊಣಕೈ ಹಾರ್ನಿಗೆ ತಾಗಿತು. ಅಂಗಡಿಯಾತ ಓಡಿ ಬಂದು ಕಿಟಕಿಗೆ ಬಗ್ಗಿ, "ಕ್ಯಾ ಚಾಹಿಯೇ ಭಾಯ್?" ಎಂದ.

ಈ ಊರಿನಲ್ಲಿ ಕಾರಿನಿಂದ ಇಳಿದು ಸಾಮಾನು ಕೊಳ್ಳುವವರು ಕಡಿಮೆ. ಹಾರ್ನ್ ಹೊಡೆದರೆ ಅಂಗಡಿಯೇ ಕಾರಿನ ಬಳಿಗೆ ಬರುತ್ತದೆ. ನಮ್ಮಲ್ಲಿ ಅಂಗಡಿ ಮುಂದೆ ಹಾರ್ನ್ ಹೊಡೆದರೆ ಬೇರೆಯದೇ ಬರುತ್ತದೆ. ಅಷ್ಟು ದೂರ ಓಡಿ ಬಂದವನಿಗೆ ಏನೂ ಬೇಡ ಎನ್ನಲು ನಾಚಿಕೆಯಾಗಿ, "ಏಕ್ ಚಾಯ್" ಎಂದೆ. ಚಹಾ ಬಂತು. ಚಹಾ ಹಿಡಿದುಕೊಂಡು ಇನ್ನೊಂದು ಸೆಲ್ಫಿ ತೆಗೆದರೆ ಇನ್ನೂ ಚೆಂದ ಎಂದು ಹೊಳೆಯಿತು. ಮತ್ತೆ ಹಾರ್ನ್. ಮತ್ತೆ ಅವನು. ಮೂರನೆಯ ಸಲ ಅವನು ಕೇಳಲೂ ಇಲ್ಲ, ಚಹಾ ಹಿಡಿದುಕೊಂಡೇ ಬಂದ.

ಭಾವ ಕೆಳಗಿಳಿದು ಬಂದು, ಸಾಲಾಗಿ ನಿಂತ ಕಾಗದದ ಲೋಟಗಳನ್ನು ನೋಡಿದರು. "ಎಂತ ಮಾರಾಯಾ, ಯಾರಾದ್ರೂ ಬಂದಿದ್ರಾ?"

"ಇಲ್ಲ ಭಾವ. ಇಲ್ಲಿಯ ಚಹಾ ನೋಡುವ ಅಂತ."

"ನೋಡಿ ಆಯ್ತಲ್ಲ. ಈಗ ಮೇಲೆ ಬಾ, ನಿನ್ನಕ್ಕ ಚಹಾ ಮಾಡಿದ್ದಾಳೆ."

ನನ್ನ ಪರಿಚಯ ಹೇಳಿಬಿಡುತ್ತೇನೆ, ಹೆಚ್ಚು ಇಲ್ಲ. ಮುಲ್ಕಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಅಪ್ಪ ಗಲ್ಲಾದಲ್ಲಿ, ಚಿಕ್ಕಪ್ಪ ಅಡುಗೆಮನೆಯಲ್ಲಿ. ಇಬ್ಬರಿಗೂ ಮಾತಿಲ್ಲ. ಮಾತು ಯಾಕೆ ಬಿಟ್ಟರು ಎಂಬುದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ, ಆದರೆ ಬಿಟ್ಟದ್ದನ್ನು ಬಿಡುವ ಜಾತಿಯವರಲ್ಲ. ನಡುವೆ ಓಡಾಡುವುದು ನಾನು. "ಆ ಗಲ್ಲಾದವನಿಗೆ ಹೇಳು, ಅವ ತಂದ ಬೆಂಡೆಕಾಯಿಯಲ್ಲಿ ಹಲ್ಲುಜ್ಜಬಹುದು" ಎಂದು ಚಿಕ್ಕಪ್ಪ ಹೇಳಿದರೆ, ಗಲ್ಲಾ ಮುಟ್ಟುವಾಗ ಅದು "ಅಪ್ಪ, ನಾಳೆ ಸ್ವಲ್ಪ ಎಳೆ ಬೆಂಡೆ ಸಿಕ್ಕಿದ್ರೆ ಚಿಕ್ಕಪ್ಪ ನಿಮಗೆ ಇಷ್ಟದ ಹುಳಿ ಮಾಡ್ತಾರಂತೆ" ಎಂದಾಗಿರುತ್ತದೆ. ಹೋಟೆಲು ಇವತ್ತಿಗೂ ನಡೆಯುತ್ತಿರುವುದು ಮಸಾಲೆದೋಸೆಯಿಂದಲ್ಲ, ನನ್ನ ಸುಳ್ಳಿನಿಂದ. ಬಿಡುವಿನಲ್ಲಿ ಕಬಡ್ಡಿ ಪಂದ್ಯಗಳಿಗೆ ಮೈಕು ಹಿಡಿದು ವೀಕ್ಷಕ ವಿವರಣೆ ಹೇಳುತ್ತೇನೆ. ಆಡುವುದಿಲ್ಲ. ಆಡಿದರೆ ಉಸಿರು ಸಾಲದು, ಹೇಳಿದರೆ ಊರಿಗೇ ಸಾಕಾಗುತ್ತದೆ.

ಭಾವ ಇಲ್ಲಿಯ ಒಂದು ಶಾಲೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು. ಜೊತೆಗೆ ಆಸ್ಟ್ರೇಲಿಯದ ಫುಟ್‌ಬಾಲ್ ಆಡುವ ಒಂದು ಕ್ಲಬ್ಬಿನ ಕಾರ್ಯದರ್ಶಿ. ಪುತ್ತೂರಿನವರಿಗೂ ಆಸ್ಟ್ರೇಲಿಯದ ಫುಟ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮವರನ್ನು ಯಾವ ದೇಶದಲ್ಲಿ ಇಳಿಸಿದರೂ ವರ್ಷದೊಳಗೆ ಒಂದು ಸಂಘದ ಕಾರ್ಯದರ್ಶಿಯಾಗಿಬಿಡುತ್ತಾರೆ, ಸಂಘ ಯಾವುದು ಎಂಬುದು ಆಮೇಲಿನ ಮಾತು.

ರಾತ್ರಿ ಊಟಕ್ಕೆ ಕೂತಾಗ ಭಾವ ತಮ್ಮ ಸಂಕಟ ಹೇಳಿದರು. ಕ್ಲಬ್ಬಿನ ಆಸ್ಟ್ರೇಲಿಯದವರು, ಐರ್ಲೆಂಡಿನವರು ಒಬ್ಬೊಬ್ಬರಾಗಿ ಕೆಲಸ ಬದಲಿಸಿ ದೇಶ ಬಿಟ್ಟಿದ್ದರು. ತಂಡ ತುಂಬಲು ಭಾವ ಸಲ್ಮಾಬಾದಿನ ಗ್ಯಾರೇಜಿನಿಂದ ನಮ್ಮ ಕಡೆಯ ನಾಲ್ವರನ್ನು ಹಿಡಿದು ತಂದಿದ್ದರು. ಶುಕ್ರವಾರ ದುಬೈಯ ತಂಡದ ಮೇಲೆ ಪಂದ್ಯ. ಅದಾದ ಮೇಲೂ ಈ ನಾಲ್ವರು ಉಳಿದರೆ ಮುಂದಿನ ವರ್ಷವೂ ತಂಡ ಉಂಟು. ಬಿಟ್ಟರೆ ಕ್ಲಬ್ಬಿಗೆ ಬೀಗ.

"ಕ್ಲಬ್ಬು ಮುಚ್ಚಿದ್ರೆ ಡೆಸ್ಸಣ್ಣನ ಕಥೆ ಮುಗೀತು," ಎಂದರು ಭಾವ. "ಕೋಚು. ಮೂರು ಕಡೆ ಕೋಚಿಂಗ್ ಬಿಡಿಸಿದ್ದಾರೆ ಆ ಜನವನ್ನು. ಇದು ನಾಲ್ಕನೇದು. ಇನ್ನು ಯಾರೂ ಕರೆಯುವವರಿಲ್ಲ."

"ಅಷ್ಟು ಕೆಟ್ಟ ಕೋಚಾ?"

"ಕೋಚು ಒಳ್ಳೇದೇ. ಬಾಯಿ ಕೆಟ್ಟದು."

ಅಕ್ಕ ನನ್ನ ತಟ್ಟೆಗೆ ಅನ್ನ ಬಡಿಸುತ್ತ, "ಇವ್ರು ನಿನ್ನ ಹೆಸರನ್ನೂ ಕೊಟ್ಟಿದ್ದಾರೆ ಸುಧೀ," ಎಂದಳು. "ಭಾವಮೈದ ಕಬಡ್ಡಿಯಲ್ಲಿ ದೊಡ್ಡ ಹೆಸರು ಅಂತ ಹೇಳಿ ಬಂದಿದ್ದಾರೆ."

"ಹೆಸರು ಉಂಟಲ್ಲ," ಎಂದರು ಭಾವ. "ಯಾಕಾಗಿ ಅಂತ ನಾನು ಹೇಳಲಿಲ್ಲ, ಅಷ್ಟೇ."

ಸಲ್ಮಾಬಾದ್

ಬಹ್ರೈನಿನ ಚಳಿಗಾಲದ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಮರುಭೂಮಿ ಎಂದು ಬರೀ ಬನಿಯನ್ನು, ಲುಂಗಿ, ತೆಳು ಅಂಗಿ ತುಂಬಿಕೊಂಡು ಬಂದಿದ್ದೆ. ಮರುದಿನ ಬೆಳಿಗ್ಗೆ ಗಾಳಿ ಬೀಸಿದ ರಭಸಕ್ಕೆ ಹಲ್ಲು ಕಟಕಟ. ಅಕ್ಕ ತನ್ನ ನೇರಳೆ ಸ್ವೆಟರ್ ಕೊಟ್ಟಳು. ಎದೆಯ ಮೇಲೆ ಮುತ್ತಿನ ಗುಂಡಿ, ತೋಳಿನಲ್ಲಿ ಹೂವು. ಅದನ್ನು ಹಾಕಿಕೊಂಡೇ ಕಬಡ್ಡಿಯ ದೊಡ್ಡ ಹೆಸರು ಸಲ್ಮಾಬಾದಿನಲ್ಲಿ ಇಳಿಯಿತು.

ಸಲ್ಮಾಬಾದ್ ಎಂದರೆ ಗ್ಯಾರೇಜು, ಗೋದಾಮು, ವೆಲ್ಡಿಂಗಿನ ಕಿಡಿ. ಕಣ್ಣು ಮುಚ್ಚಿದರೆ ನಮ್ಮ ಮಂಗಳೂರಿನ ಬೈಕಂಪಾಡಿ. ಅಲ್ಲಿ ನೆಲದ ಮೇಲೆ ಬಗ್ಗಿ ಉದ್ದುದ್ದ ಪೈಪುಗಳನ್ನು ಬೆಸೆಯುತ್ತಿದ್ದವರು ರಫೀಕ್ ಭಾಯ್. ಉಳ್ಳಾಲದವರು, ನನಗಿಂತ ಏಳೆಂಟು ವರ್ಷ ದೊಡ್ಡವರು, ಊರಿನಲ್ಲಿ ವಾಲಿಬಾಲ್ ಆಡುತ್ತಿದ್ದವರು. ನೆಗೆದರೆ ಇಳಿಯುವುದೇ ಮರೆತುಹೋಗುತ್ತದೆ ಎಂದು ಭಾವ ಹೇಳಿದ್ದರು.

"ಇದು ಎಂತದು ರಫೀಕ್ ಭಾಯ್, ಚಪ್ಪರದ ಕಂಬವಾ?"

"ಗೋಲಿನ ಕಂಬ ಮಾರಾಯಾ. ಒಂದು ಬದಿಗೆ ನಾಲ್ಕು ಬೇಕಂತೆ." ಅವರು ಮುಖದ ಗುರಾಣಿ ಎತ್ತಿ ನನ್ನ ಸ್ವೆಟರನ್ನು ನಿಧಾನವಾಗಿ ಓದಿದರು. "ಕಬಡ್ಡಿ ಪ್ಲೇಯರು ನೀನೇ?"

"ಹೌದು, ಒಂದು ರೀತಿಯಲ್ಲಿ."

"ಯಾವ ರೀತಿ ಅಂತ ಕಾಣ್ತದೆ."

ಆಟವನ್ನು ನನಗೆ ತಿಳಿಸಿದ್ದು ಅವರೇ. ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿಯ ಆಕಾರ. ಎಸೆಯುವಂತಿಲ್ಲ, ಒದೆಯಬೇಕು ಇಲ್ಲವೇ ಮುಷ್ಟಿಯಲ್ಲಿ ಗುದ್ದಬೇಕು. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದವನಿಗೆ, ಯಾರ ಕಾಟವೂ ಇಲ್ಲದೆ ನಿಂತು ಒದೆಯುವ ಹಕ್ಕು. ನಡುವಿನ ಎರಡು ಕಂಬಗಳ ಮಧ್ಯೆ ಹೋದರೆ ಆರು ಅಂಕ. ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೆ ಒಂದು ಅಂಕ.

"ತಪ್ಪಿದ್ರೂ ಅಂಕವಾ?" ನನಗೆ ಆ ದೇಶದ ಮೇಲೆ ಅಲ್ಲಿಯೇ ಪ್ರೀತಿ ಹುಟ್ಟಿತು. ನನ್ನ ಶಾಲೆಯಲ್ಲಿ ಈ ಪದ್ಧತಿ ಇದ್ದಿದ್ದರೆ ನಾನಿಂದು ಡಾಕ್ಟರು.

"ಅಂಕ ಉಂಟು. ಮತ್ತೆ ಡೆಸ್ಸಣ್ಣನ ಬೈಗಳೂ ಉಂಟು." ರಫೀಕ್ ಭಾಯಿಯ ಮುಖ ಗಂಟಾಯಿತು. "ಆಟ ಭಾರೀ ಲಾಯ್ಕ್ ಉಂಟು, ಸುಳ್ಳು ಹೇಳುದಿಲ್ಲ. ಆದ್ರೆ ಆ ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ್ಕೊಂಡು ನಾಯಿಗೆ ಕರೆದ ಹಾಗೆ ಕಿರಿಚುದು. ವಾರಪೂರ್ತಿ ಇಲ್ಲಿ ಫೋರ್‌ಮ್ಯಾನ್ ಬೈತಾನೆ, ಸರಿ, ಸಂಬಳ ಕೊಡ್ತಾರೆ. ರಜೆಯ ದಿನ ಪುಕ್ಕಟೆ ಬೈಸ್ಕೊಳ್ಲಿಕ್ಕೆ ನನಗೆ ಹುಚ್ಚಾ? ಶುಕ್ರವಾರ ಒಂದು ಆಡ್ತೇನೆ, ನಿನ್ನ ಭಾವನಿಗೆ ಮಾತು ಕೊಟ್ಟಿದ್ದೇನೆ. ಆ ದಿನವೂ ಬೈದ್ರೆ ಮತ್ತೆ ಬರುದಿಲ್ಲ. ನಾನು ಬಿಟ್ರೆ ಉಳಿದ ಮೂವರೂ ಬಿಡ್ತಾರೆ."

ಹೂರಾ

ಡೆಸ್ಸಣ್ಣನ ನಿಜವಾದ ಹೆಸರು ಡೆಸ್. ಅಣ್ಣ ಸೇರಿಸಿದ್ದು ನಮ್ಮವರು, ಅವರಿಗೂ ಅದು ಅಭ್ಯಾಸವಾಗಿತ್ತು. ಹೂರಾದ ಒಂದು ಉಡುಪಿ ಹೋಟೆಲಿನಲ್ಲಿ ಭಾವ ನಮ್ಮನ್ನು ಭೇಟಿ ಮಾಡಿಸಿದರು. ಅರವತ್ತು ದಾಟಿದ ಆಳು, ಕಿವಿಗಳು ಮುರುಟಿದ ಹಪ್ಪಳದಂತೆ, ಎಡಗಾಲು ಮಡಚುವುದಿಲ್ಲ. ಮೇಜಿನ ಹೊರಗೆ ಚಾಚಿದ ಆ ಕಾಲನ್ನು ಸಪ್ಲೈಯರುಗಳೆಲ್ಲ ರೂಢಿಯಿಂದ ದಾಟುತ್ತಿದ್ದರು. ನಾನು ಎಡವಿದೆ. ಸಾಂಬಾರು ಅವರ ಮಡಿಲಿಗೆ ಹೋಯಿತು.

ಅವರು ಹೇಳಿದ್ದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ. ಅವರ ಇಂಗ್ಲಿಷ್ ಅರ್ಧ ಮೂಗಿನಲ್ಲಿ ಉಳಿಯುತ್ತಿತ್ತು, ಆದ್ದರಿಂದ ಇಲ್ಲಿ ಅವರನ್ನು ನಮ್ಮೂರ ಕನ್ನಡದಲ್ಲೇ ಮಾತಾಡಿಸುತ್ತೇನೆ. ಅವರಿಗೆ ಅದು ಚೆನ್ನಾಗಿ ಒಪ್ಪುತ್ತದೆ.

"ಇವನಾ ನಿನ್ನ ಕಬಡ್ಡಿ ಹುಲಿ?" ಎಂದು ಭಾವನನ್ನು ಕೇಳಿದರು. "ಹುಲಿಗೆ ಮೊದಲು ನಡೀಲಿಕ್ಕೆ ಕಲಿಸು."

ಎರಡನೆಯ ದೋಸೆಯ ಹೊತ್ತಿಗೆ ಸ್ವಲ್ಪ ತಣ್ಣಗಾಗಿ ತಮ್ಮ ಕಥೆ ಹೇಳಿದರು. ಆಸ್ಟ್ರೇಲಿಯದಲ್ಲಿ ಗೋಧಿ ಬೆಳೆಯುವ ಸಣ್ಣ ಊರು, ಅಪ್ಪ ಕುರಿಯ ಉಣ್ಣೆ ಕತ್ತರಿಸುವವರು. ಹತ್ತೊಂಬತ್ತಕ್ಕೆ ದೊಡ್ಡ ಪಟ್ಟಣದ ಕ್ಲಬ್ಬು ಕರೆಸಿಕೊಂಡಿತು. ಅಲ್ಲಿ ಅವರ ಜಾಗ ತಮ್ಮ ಗೋಲಿನ ಮುಂದೆ, ಕಟ್ಟಕಡೆಗೆ. ಎದುರಾಳಿಯ ಅತಿ ದೊಡ್ಡ ಆಟಗಾರನಿಗೆ ಅಂಟಿಕೊಂಡು, ಅವನು ಅಂಕ ಗಳಿಸದಂತೆ ನೋಡಿಕೊಳ್ಳುವುದು. ಇಡೀ ಆಟದ ಜೀವನ ಇನ್ನೊಬ್ಬರ ಒಳ್ಳೆಯ ದಿನವನ್ನು ಹಾಳು ಮಾಡುವುದರಲ್ಲೇ ಕಳೆಯಿತು ಎಂದರು.

"ಹೆಸರು ಬರಲಿಲ್ವಾ ಡೆಸ್ಸಣ್ಣ?"

ಅವರು ಫೋನು ತೆಗೆದು ಒಂದು ಹಳೆಯ ಫೋಟೊ ತೋರಿಸಿದರು. ಆಕಾಶದಲ್ಲಿ ಒಬ್ಬ ಆಟಗಾರ ಗರುಡನಂತೆ ತೇಲುತ್ತ ಎರಡು ಕೈಯಲ್ಲಿ ಚೆಂಡು ಹಿಡಿದಿದ್ದಾನೆ. ಮೊಣಕಾಲುಗಳು ಇನ್ನೊಬ್ಬನ ಹೆಗಲ ಮೇಲೆ.

"ನಮ್ಮ ಕಡೆಯ ಬಾರುಗಳಲ್ಲಿ, ಕ್ಷೌರದ ಅಂಗಡಿಯಲ್ಲಿ ಎಲ್ಲ ಈ ಫೋಟೊ ತೂಗುಹಾಕಿದ್ದಾರೆ."

"ಅಬ್ಬಾ! ಇದು ನೀವಾ?" ನಾನು ತೇಲುತ್ತಿದ್ದವನನ್ನು ಮುಟ್ಟಿದೆ.

"ಅದಲ್ಲ." ಅವರ ದಪ್ಪ ಬೆರಳು ಕೆಳಗೆ ಸರಿದು, ಮೊಣಕಾಲಿನ ಅಡಿಯಲ್ಲಿ ಜಜ್ಜಿಹೋದ ಒಂದು ಕುತ್ತಿಗೆಯ ಮೇಲೆ ನಿಂತಿತು. "ಇದು."

ನಗಬೇಕೋ ಬೇಡವೋ ತಿಳಿಯದೆ ನಾನು ಚಟ್ನಿ ನೆಕ್ಕಿದೆ. ಅವರೇ ಮೊದಲು ನಕ್ಕರು. ಮೂಗಿನಿಂದ ಕಾಫಿ ಬರುವಷ್ಟು.

ಮೊಣಕಾಲು ಹೋದ ಮೇಲೆ ಕೋಚಾದರು. ಮೊದಲನೆಯ ಕ್ಲಬ್ಬಿನಲ್ಲಿ ಗೆದ್ದರು, ಆಟಗಾರರು ಬಿಟ್ಟುಹೋದರು. ಎರಡನೆಯದರಲ್ಲಿ ಆಟಗಾರರು ಮೊದಲು ಬಿಟ್ಟುಹೋದರು, ಆದ್ದರಿಂದ ಗೆಲ್ಲಲಿಲ್ಲ. ಮೂರನೆಯದರಲ್ಲಿ ಅಧ್ಯಕ್ಷರ ಮಗನಿಗೇ ಬೈದರು. ಹಾಗೆ ಶಾಲೆಯ ಆಟದ ಮೇಷ್ಟ್ರಾಗಿ ಈ ದ್ವೀಪಕ್ಕೆ ಬಂದರು.

"ಬೈಯದೇ ಇರ್ಲಿಕ್ಕೆ ಆಗುದಿಲ್ವಾ?" ಎಂದೆ.

"ನನಗೆ ಹೀಗೇ ಕಲಿಸಿದ್ದು," ಎಂದರು, ಆ ವಿಷಯ ಅಲ್ಲಿಗೇ ಮುಗಿಯಿತು ಎಂಬಂತೆ.

ಮೈದಾನ

ಶುಕ್ರವಾರ ಬಂತು. ಊರ ಹೊರಗೆ ಬಾಡಿಗೆಯ ಹುಲ್ಲಿನ ಮೈದಾನ. ಆಟಕ್ಕೆ ಮೊಟ್ಟೆಯಾಕಾರದ ಅಂಗಳ ಬೇಕು, ಇದು ಚೌಕ. ಕಿತ್ತಳೆ ಬಣ್ಣದ ಕೋನುಗಳನ್ನಿಟ್ಟು ಅದಕ್ಕೆ ಮೊಟ್ಟೆಯ ರೂಪ ಕೊಟ್ಟೆವು. ರಫೀಕ್ ಭಾಯಿಯ ಕಂಬಗಳು ಎರಡು ತುದಿಗಳಲ್ಲಿ ಜಂಬದಿಂದ ನಿಂತಿದ್ದವು.

ನನ್ನ ಆಟದ ಜೀವನದ ವೃತ್ತಾಂತ ಇಲ್ಲಿ ಬರೆಯುತ್ತೇನೆ. ಪಂದ್ಯಕ್ಕೆ ಮೊದಲು ಡೆಸ್ಸಣ್ಣ ಪರೀಕ್ಷೆಗೆಂದು ಒಂದು ಚೆಂಡು ಒದ್ದರು. ಅದು ಆಕಾಶಕ್ಕೆ ಹೋಯಿತು. ನಾನು ಕೈ ಚಾಚಿ, ಕಣ್ಣು ಮುಚ್ಚಿ ಕಾದೆ. ಅದು ಮೂಗಿನ ಮೇಲೆ ಇಳಿಯಿತು. ವೃತ್ತಾಂತ ಮುಗಿಯಿತು.

ಮೂಗಿಗೆ ಹತ್ತಿ ತುರುಕಿಕೊಂಡು ಕೂತಿದ್ದ ನನಗೆ ಭಾವ ಹೊಳೆಯುವ ಗುಲಾಬಿ ಬನಿಯನ್ನು ಕೊಟ್ಟರು. "ನೀನು ರನ್ನರ್."

ಕ್ರಿಕೆಟ್ಟಿನ ರನ್ನರ್ ಅಲ್ಲ ಇದು. ಈ ಆಟದಲ್ಲಿ ಕೋಚು ಅಂಗಳಕ್ಕೆ ಕಾಲಿಡುವಂತಿಲ್ಲ. ಅಂಗಳವೋ ಊರಗಲ, ಕೂಗಿದರೆ ಕೇಳುವುದಿಲ್ಲ. ಅದಕ್ಕೇ ಕೋಚಿನ ಮಾತನ್ನು ಆಟಗಾರನ ಕಿವಿಗೆ ಮುಟ್ಟಿಸಿ ಬರಲು ಒಬ್ಬ ಓಡುತ್ತಾನೆ. ಅಂದರೆ ಮುಲ್ಕಿಯಲ್ಲಿ ಗಲ್ಲಾಕ್ಕೂ ಅಡುಗೆಮನೆಗೂ ನಡುವೆ ನಾನು ಮಾಡುತ್ತಿದ್ದ ಉದ್ಯೋಗವೇ. ಜಗತ್ತಿನಲ್ಲಿ ಇದಕ್ಕೊಂದು ಹುದ್ದೆ ಇದೆ, ಸಮವಸ್ತ್ರವೂ ಇದೆ ಎಂದು ತಿಳಿದು ಕಣ್ಣು ತುಂಬಿ ಬಂತು. ಮೂಗಿನ ನೋವೂ ಇತ್ತು.

ಆಟ ಶುರುವಾಗಿ ಸ್ವಲ್ಪದರಲ್ಲೇ ಡೆಸ್ಸಣ್ಣ ಕುರ್ಚಿಯಿಂದ ಗುಡುಗಿದರು. "ರಫೀಕನಿಗೆ ಹೇಳು! ದುಬೈಯ ಏಳನೇ ನಂಬರಿನವನ ಪಕ್ಕ ನಿಲ್ಲು ಅಂದ್ರೆ ಅವನ ಮದುವೆಗೆ ಬಂದವನ ಹಾಗೆ ನಿಂತಿದ್ದಾನೆ! ಶರ್ಟಿಗೆ ಅಂಟಿಕೊಳ್ಳಲಿಕ್ಕೆ ಹೇಳು!"

ನಾನು ಓಡಿದೆ. ಏದುಸಿರು ಬಿಡುತ್ತ, "ರಫೀಕ್ ಭಾಯ್, ಡೆಸ್ಸಣ್ಣ ಭಾರೀ ಖುಷಿಯಲ್ಲಿದ್ದಾರೆ. ನಿಮ್ಮ ನೆಗೆತ ನೋಡಿ ಬಾಯಿ ಬಿಟ್ಟಿದ್ದಾರೆ. ಆ ಏಳನೆಯವನಿಗೆ ಇನ್ನೂ ಸ್ವಲ್ಪ ಹತ್ತಿರ ನಿಂತ್ರೆ ನಿಮ್ಮ ಚೆಂದ ಇನ್ನೂ ಕಾಣ್ತದಂತೆ," ಎಂದೆ.

ರಫೀಕ್ ಭಾಯ್ ಅನುಮಾನದಿಂದ ನೋಡಿದರು. "ಡೆಸ್ಸಣ್ಣ ಹೇಳಿದ್ದಾ?"

"ಅವರ ಭಾಷೆಯಲ್ಲಿ."

ಅವರು ಎದೆ ಉಬ್ಬಿಸಿ ಏಳನೆಯವನಿಗೆ ಅಂಟಿಕೊಂಡರು. ಆಮೇಲೆ, "ಕುರ್ಚಿ ಬಿಟ್ಟು ಬಂದು ಒಮ್ಮೆ ಆಡಿ ತೋರಿಸ್ಲಿಕ್ಕೆ ಹೇಳು ಅವನಿಗೆ" ಎಂಬ ಉತ್ತರವನ್ನು ನಾನು "ನಿಮ್ಮ ಕಾಲದ ಆಟ ನೋಡ್ಬೇಕಿತ್ತಂತೆ ಅವರಿಗೆ" ಎಂದು ಮಾಡಿ ಕುರ್ಚಿಗೆ ಮುಟ್ಟಿಸಿದೆ. ಡೆಸ್ಸಣ್ಣ "ಹ್ಞಾಂ?" ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಟದ ನಾಲ್ಕು ಭಾಗಗಳಲ್ಲಿ ಮೊದಲನೆಯದು ಮುಗಿದಾಗ ನಾವು ಮುಂದಿದ್ದೆವು. ನನಗೆ ವಿಶ್ವಸಂಸ್ಥೆಯಲ್ಲಿ ಕೆಲಸ ಸಿಗಬೇಕು ಎಂದು ಆಗಲೇ ಅನಿಸಿದ್ದು.

ಸಕ್ಕರೆ ಹೆಚ್ಚಾದರೆ ಪಾಯಸವೂ ಕೆಡುತ್ತದೆ ಎಂದು ಹೋಟೆಲಿನವನ ಮಗನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರನೆಯ ಭಾಗದಲ್ಲಿ ಡೆಸ್ಸಣ್ಣ ಎರಡು ಕೈಯಲ್ಲಿ ತಲೆ ಹಿಡಿದುಕೊಂಡರು. "ಆ ಕತ್ತೆ ಚೆಂಡು ಸಿಕ್ಕಿದ ಕೂಡಲೇ ಮುಂದೆ ಓಡ್ತಾನೆ! ಓಡಬಾರದು! ಹಿಂದೆಯೇ ಇರಬೇಕು! ಹಿಂದೆ!" ನಾನು ಓಡುತ್ತ ಓಡುತ್ತ ಕತ್ತೆಯನ್ನು ತೆಗೆದೆ, ಬೈಗಳನ್ನು ತೆಗೆದೆ, "ನೀವು ಓಡುದನ್ನು ಡೆಸ್ಸಣ್ಣ ಕಣ್ಣು ಮಿಟುಕಿಸದೆ ನೋಡ್ತಿದ್ದಾರೆ" ಎಂದು ಸೇರಿಸಿದೆ. ಸೇರಿಸುವ ಭರದಲ್ಲಿ ಹಿಂದೆ ಇರಬೇಕು ಎಂಬುದೇ ಬಿದ್ದುಹೋಯಿತು. ರಫೀಕ್ ಭಾಯ್ ಇನ್ನೂ ಹುರುಪಿನಿಂದ ಓಡಿದರು. ಅವರು ಬಿಟ್ಟುಬಂದ ಜಾಗದಲ್ಲಿ ಏಳನೆಯವನು ಒಬ್ಬನೇ ನಿಂತು, ಒಂದಾದ ಮೇಲೊಂದರಂತೆ ಗೋಲು ಹೊಡೆದ.

ಕೊನೆಯ ವಿರಾಮದಲ್ಲಿ ಎಲ್ಲರೂ ಕುರ್ಚಿಯ ಸುತ್ತ ಸೇರಿದರು. ಕಿತ್ತಳೆ ಹಣ್ಣಿನ ಹೋಳು ಹಂಚುತ್ತಿದ್ದ ಭಾವನ ಹಿಂದೆ ನಾನು ಅಡಗಿದೆ.

"ಥ್ಯಾಂಕ್ಸ್ ಡೆಸ್ಸಣ್ಣ," ಎಂದರು ರಫೀಕ್ ಭಾಯ್, ತಮಗೆ ಬರುವ ಇಂಗ್ಲಿಷಿನಲ್ಲಿ. "ನನ್ನ ಓಟದ ಬಗ್ಗೆ ಹೇಳಿದ್ರಂತಲ್ಲ."

"ಓಟ! ನಿನ್ನನ್ನು ಓಡಬೇಡ ಅಂತ ಹೇಳಿ ಕಳಿಸಿದ್ದು ನಾನು!"

ಎಲ್ಲರ ಕಣ್ಣೂ ಗುಲಾಬಿ ಬನಿಯನ್ನಿನ ಮೇಲೆ ಬಂದವು. ಆ ಬಣ್ಣದಲ್ಲಿ ಅಡಗುವುದು ಸುಲಭವಲ್ಲ.

"ನಿಜ ಹೇಳು ಸುಧೀರಾ," ಎಂದರು ರಫೀಕ್ ಭಾಯ್. "ಮೊದಲಿನಿಂದ ಅವರು ಎಂತ ಹೇಳಿದ್ದು?"

ಹೇಳಿದೆ. ಮದುವೆಗೆ ಬಂದವನು, ಕತ್ತೆ, ಎಲ್ಲ. ರಫೀಕ್ ಭಾಯ್ ಕಿತ್ತಳೆಯ ಸಿಪ್ಪೆಯನ್ನು ನೆಲಕ್ಕೆ ಹಾಕಿ, "ಆಯ್ತು. ಇದೊಂದು ಭಾಗ ಆಡಿ ಮುಗಿಸ್ತೇನೆ. ಮತ್ತೆ ಇಲ್ಲ," ಎಂದು ಭಾವನಿಗೆ ಹೇಳಿ ಅಂಗಳಕ್ಕೆ ನಡೆದರು. ಉಳಿದ ಮೂವರು ಹಿಂದೆ ಹೋದರು. ಭಾವನ ಮುಖದಲ್ಲಿ ಕ್ಲಬ್ಬಿಗೆ ಬೀಗ ಬಿದ್ದಾಗಿತ್ತು.

ನಾನು ಬನಿಯನ್ನು ಬಿಚ್ಚಿ ಡೆಸ್ಸಣ್ಣನ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ನನ್ನನ್ನೇ ನೋಡುತ್ತ ಕೂತರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ.

"ನನ್ನ ಕೊನೆಯ ಪಂದ್ಯ," ಎಂದರು. "ಮೊಣಕಾಲು ಹೋಗಿತ್ತು, ಆದ್ರೂ ಆಡ್ತಿದ್ದೆ. ರನ್ನರ್ ಓಡಿ ಬಂದು ಹೊರಗೆ ಬರ್ಬೇಕಂತೆ ಅಂದ. ಕೋಚು ಎಂತ ಹೇಳಿದ್ರು ಅಂತ ಕೇಳಿದೆ. 'ಚೆನ್ನಾಗಿ ಆಡಿದ ಅಂತ ಹೇಳಿದ್ರು' ಅಂದ. ಕೋಚು ಮತ್ತೆ ನನ್ನ ಹತ್ತಿರ ಮಾತಾಡಲೇ ಇಲ್ಲ. ಪರವಾಗಿಲ್ಲ, ಅದೊಂದು ಮಾತು ಹೇಳಿದ್ದಾರಲ್ಲ ಅಂತ ಇಷ್ಟು ವರ್ಷ ಇಟ್ಕೊಂಡಿದ್ದೆ." ಅವರು ನನ್ನ ಹತ್ತಿ ತುರುಕಿದ ಮೂಗನ್ನು ದಿಟ್ಟಿಸಿದರು. "ಈಗ ನಿನ್ನನ್ನು ನೋಡಿದ ಮೇಲೆ ಸಂಶಯ ಬರ್ತದೆ."

ನಾನು ಗುಲಾಬಿ ಬನಿಯನ್ನನ್ನು ಮತ್ತೆ ತೊಟ್ಟುಕೊಂಡೆ.

ಕೊನೆಯ ಭಾಗದಲ್ಲಿ ಡೆಸ್ಸಣ್ಣ ಒಂದು ಸಂದೇಶವನ್ನೂ ಕಳಿಸಲಿಲ್ಲ. ರಫೀಕ್ ಭಾಯ್ ಸಿಟ್ಟಿನಲ್ಲಿ ಆಡಿದರು. ಯಾರೂ ಹೇಳದೆಯೇ ಏಳನೆಯವನ ನೆರಳಾದರು, ಚೆಂಡು ಅವನ ಕೈಗೆ ಸಿಗದಂತೆ ಮಾಡಿದರು. ಅಂತರ ಕರಗುತ್ತ ಬಂದು ನಾಲ್ಕು ಅಂಕ ಉಳಿಯಿತು. ಮುಗಿಯುವ ಹೊತ್ತಿಗೆ ಎಲ್ಲರೂ ಮುಂದೆ ಓಡಿದ್ದರು, ಅವರೂ ಓಡಿದ್ದರು. ಮೇಲೆ ಬಂದ ಚೆಂಡಿಗೆ ವಾಲಿಬಾಲಿನ ನೆಗೆತ ನೆಗೆದು, ಇಬ್ಬರ ತಲೆಯ ಮೇಲಿಂದ ಅದನ್ನು ಹಿಡಿದು ಕೆಳಗಿಳಿದರು. ಆಗಲೇ ಸೈರನ್ ಕೂಗಿತು. ಹಿಡಿದವನಿಗೆ ಸೈರನ್ ಆದಮೇಲೂ ಒಂದು ಒದೆತದ ಹಕ್ಕಿದೆ. ನಡುವೆ ಹೋದರೆ ಆರು ಅಂಕ, ಗೆಲುವು.

ತಾವೇ ಬೆಸೆದ ಕಂಬಗಳ ಕಡೆಗೆ ರಫೀಕ್ ಭಾಯ್ ಒದ್ದರು. ಚೆಂಡು ನೆಟ್ಟಗೆ ಹೋಗುತ್ತಾ ಹೋಗುತ್ತಾ ಕೊನೆಗೆ ಗಾಳಿಗೆ ವಾಲಿ ಪಕ್ಕದ ಸಂದಿಗೆ ಸರಿಯಿತು. ಒಂದು ಅಂಕ. ಮೂರು ಅಂಕದಿಂದ ಸೋತೆವು.

ದುಬೈಯವರು ಕುಣಿದರು. ರಫೀಕ್ ಭಾಯ್ ಆ ತುದಿಯಲ್ಲಿ, ಒದ್ದ ಜಾಗದಲ್ಲೇ, ತಲೆ ತಗ್ಗಿಸಿ ನಿಂತಿದ್ದರು.

ಡೆಸ್ಸಣ್ಣ ಕುರ್ಚಿಯ ಕೈ ಊರಿ ಎದ್ದರು. ನಾನು ಅಭ್ಯಾಸಬಲದಿಂದ ಓಡಲು ಸಿದ್ಧನಾಗಿ, "ಎಂತ ಹೇಳ್ಬೇಕು ಡೆಸ್ಸಣ್ಣ? ಇದ್ದದ್ದು ಇದ್ದ ಹಾಗೆ ಹೇಳ್ತೇನೆ, ಆಣೆ," ಎಂದೆ.

"ನೀನು ಕೂತ್ಕೊ," ಎಂದು ನನ್ನನ್ನು ಅವರ ಕುರ್ಚಿಯಲ್ಲಿ ಕೂರಿಸಿ ಹೊರಟರು.

ಅಷ್ಟು ದೊಡ್ಡ ಅಂಗಳವನ್ನು ಅಷ್ಟು ನಿಧಾನವಾಗಿ ಯಾರೂ ದಾಟಿರಲಾರರು. ಮಡಚದ ಕಾಲನ್ನು ಬದಿಯಿಂದ ಸುತ್ತಿಸಿ ಸುತ್ತಿಸಿ ಇಡುತ್ತ, ನಡುವೆ ಎರಡು ಸಲ ನಿಂತು ತೊಡೆ ಹಿಡಿದುಕೊಂಡು, ಮತ್ತೆ ನಡೆದರು. ಕುಣಿಯುತ್ತಿದ್ದವರು ದಾರಿ ಬಿಟ್ಟರು. ಆ ತುದಿ ಮುಟ್ಟಿ ರಫೀಕ್ ಭಾಯಿಯ ಎದುರು ನಿಂತರು. ಕೈ ಆಡುತ್ತಿದ್ದದ್ದು ಕಂಡಿತು. ಮಾತು ಒಂದೂ ಕೇಳಲಿಲ್ಲ. ಎಷ್ಟೋ ಪಂದ್ಯಗಳಿಗೆ ಮೈಕಿನಲ್ಲಿ ಬಾಯಿ ಬಡಿದುಕೊಂಡವನು ನಾನು, ಈ ಒಂದು ದೃಶ್ಯಕ್ಕೆ ವಿವರಣೆಯಿಲ್ಲ. ಕಡೆಗೆ ಇಬ್ಬರೂ ತಿರುಗಿ ಬಂದರು, ಡೆಸ್ಸಣ್ಣನ ಒಂದು ಕೈ ರಫೀಕ್ ಭಾಯಿಯ ಹೆಗಲ ಮೇಲೆ ಭಾರವಾಗಿ ಬಿದ್ದಿತ್ತು.

ಸಲ್ಮಾಬಾದಿನ ದಾರಿ

ಗ್ಯಾರೇಜಿನ ನಾಲ್ವರನ್ನು ಬಿಡಲು ಹೋಗುವಾಗ ಭಾವ ವ್ಯಾನು ಓಡಿಸುತ್ತಿದ್ದರು. ಕೇಳುವ ಧೈರ್ಯ ಅವರಿಗಿರಲಿಲ್ಲ. ನಾಚಿಕೆಯಿಲ್ಲದವನು ನಾನೇ ಕೇಳಬೇಕಾಯಿತು.

"ರಫೀಕ್ ಭಾಯ್, ಡೆಸ್ಸಣ್ಣ ಅಲ್ಲಿ ಎಂತ ಹೇಳಿದ್ರು?"

"ಬೈದ್ರು."

ಭಾವ ಬ್ರೇಕು ಒತ್ತಿದರು. "ಅಲ್ಲಿಯೂ ಬೈದ್ರಾ!"

"ಜೋರು ಬೈದ್ರು. ಗಾಳಿ ನೋಡದೆ ಒದೀತಾರಾ, ಎಡಗಾಲು ಹಾಗೆ ಇಡ್ತಾರಾ, ಕಣ್ಣು ಎಲ್ಲಿತ್ತು ಅಂತ." ರಫೀಕ್ ಭಾಯ್ ಕಿಟಕಿಯ ಹೊರಗೆ ನೋಡುತ್ತಿದ್ದರು. "ಆ ಕಾಲು ಎಳ್ಕೊಂಡು ಅಷ್ಟು ದೂರ ನಡೆದು ಬಂದು, ನನ್ನ ಮುಖ ನೋಡಿ ಬೈದ್ರು ಮಾರಾಯಾ. ಎಂತ ಹೇಳುದು ಅದಕ್ಕೆ?"

ಹಿಂದಿನ ಸೀಟಿನ ಮೂವರು ಉಸಿರು ಬಿಟ್ಟದ್ದು ಕೇಳಿಸಿತು.

"ನಾನು ನಾಳೆ ಅವರನ್ನು ಕಾಣ್ತೇನೆ," ಎಂದೆ. "ನಿಮಗೆ ಬೇಜಾರಿಲ್ಲ ಅಂತ ನಯವಾಗಿ—"

"ನೀನು ಎಂತದೂ ಹೇಳ್ಬೇಡ," ಎಂದರು ರಫೀಕ್ ಭಾಯ್. "ಮಂಗಳವಾರ ಪ್ರಾಕ್ಟೀಸು ಉಂಟಲ್ಲ. ಹೇಳುದಿದ್ರೆ ನಾನೇ ಹೇಳ್ತೇನೆ."